ದಡಾರ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ, ಮಲೇರಿಯಾ ಮಾತ್ರ ಏಕೆ ಮರುಕಳಿಸುತ್ತದೆ?

ದಡಾರ ಬಂದು ಗುಣವಾದವರಿಗೆ ಅದು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ಆದರೆ ಮಲೇರಿಯಾ ಮತ್ತು ಜಂತುಹುಳುಗಳ ಬಾಧೆ ಮತ್ತೆ ಮತ್ತೆ ಬರುತ್ತದೆ, ಹಾಗಾದರೆ ಪರೋಪಜೀವಿಗಳ ಮುಂದೆ ನಮ್ಮ ರೋಗನಿರೋಧಕ ವ್ಯವಸ್ಥೆ ದುರ್ಬಲವೇ ಎಂದು ನೀವು ಕೇಳಿದ್ದೀರಿ. ದುರ್ಬಲ ಎಂಬ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ರೋಗಾಣು ದೇಹದ ಯಾವ ಭಾಗದಲ್ಲಿ ನೆಲೆಸುತ್ತದೆ, ತನ್ನ ಹೊರಮೈಯನ್ನು ಎಷ್ಟರಮಟ್ಟಿಗೆ ಬದಲಾಯಿಸಿಕೊಳ್ಳಬಲ್ಲದು ಎಂಬುದನ್ನು ನೋಡಿದರೆ ಈ ವ್ಯತ್ಯಾಸದ ಬಹುಪಾಲು ತಾನಾಗಿಯೇ ಅರ್ಥವಾಗುತ್ತದೆ.

ವೈರಸ್ ತಾನಾಗಿ ಬೆಳೆಯಲಾರದು. ಜೀವಕೋಶದ ಒಳಹೊಕ್ಕು ಅದರ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಕೊಳ್ಳಬೇಕು. ಸೋಂಕು ತಗುಲಿದ ಕೋಶವು ಮೊದಲು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. 1957ರಲ್ಲಿ ವಿಜ್ಞಾನಿಗಳಾದ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಗುರುತಿಸಿದ ಈ ಪ್ರೋಟೀನು ನೆರೆಯ ಕೋಶಗಳನ್ನು ಎಚ್ಚರಿಸಿ, ವೈರಸ್ ಒಳಬಂದರೂ ಬೆಳೆಯಲಾಗದ ಸ್ಥಿತಿಗೆ ಅವುಗಳನ್ನು ತರುತ್ತದೆ. ಅಷ್ಟರಲ್ಲಿ ಸೋಂಕಿತ ಕೋಶವು ತನ್ನೊಳಗಿನ ವೈರಸ್ ಪ್ರೋಟೀನಿನ ತುಣುಕುಗಳನ್ನು ಹೊರಮೈಗೆ ತಂದು ಪ್ರದರ್ಶಿಸುತ್ತದೆ. ಅದನ್ನು ಗುರುತು ಹಿಡಿದ ಟಿ ಕೋಶ ಎಂಬ ಬಿಳಿ ರಕ್ತಕಣವೊಂದು ಬಂದು ಅಂಟಿಕೊಂಡು, ಸಂಧಿಸಿದ ಜಾಗದಲ್ಲೇ ರಂಧ್ರ ಕೊರೆಯುವ ಪ್ರೋಟೀನುಗಳನ್ನು ಸುರಿದು, ಆ ಕೋಶವನ್ನು ವೈರಸ್ ಸಮೇತ ಕೊಲ್ಲುತ್ತದೆ. ಕೋಶದ ಹೊರಗೆ ತೇಲುತ್ತಿರುವ ವೈರಸ್‌ಗಳನ್ನು ಪ್ರತಿಕಾಯಗಳೆಂಬ ರಕ್ಷಕ ಪ್ರೋಟೀನುಗಳು ಹಿಡಿದು ತಡೆಯುತ್ತವೆ.

ದಡಾರದ ವೈರಸ್‌ನಲ್ಲಿರುವುದು ಕೇವಲ ಆರು ವಂಶವಾಹಿಗಳು. ಜೀವಕೋಶವನ್ನು ಪ್ರವೇಶಿಸಲು ಅದು ಬಳಸುವ ಪ್ರೋಟೀನನ್ನು ಹೆಚ್ಚು ಬದಲಾಯಿಸಿಕೊಂಡರೆ ಪ್ರವೇಶಿಸುವ ಸಾಮರ್ಥ್ಯವನ್ನೇ ಕಳೆದುಕೊಳ್ಳುತ್ತದೆ, ಆದ್ದರಿಂದ ಒಮ್ಮೆ ತಯಾರಾದ ಪ್ರತಿಕಾಯ ಜೀವನವಿಡೀ ಉಪಯೋಗಕ್ಕೆ ಬರುತ್ತದೆ. 1846ರಲ್ಲಿ ಫೆರೋ ದ್ವೀಪಗಳಲ್ಲಿ ದಡಾರ ಹರಡಿದಾಗ ವೈದ್ಯ ಪೀಟರ್ ಪಾನುಮ್ ಇದನ್ನು ಕಣ್ಣಾರೆ ಕಂಡರು: 1781ರಲ್ಲಿ ಆ ರೋಗಕ್ಕೆ ತುತ್ತಾಗಿದ್ದ ವೃದ್ಧರಿಗೆ 65 ವರ್ಷಗಳ ನಂತರವೂ ಅದು ತಗುಲಲಿಲ್ಲ. ಎಲ್ಲ ವೈರಸ್‌ಗಳೂ ಹೀಗಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಇನ್‌ಫ್ಲುಯೆಂಜಾ ತನ್ನ ಹೊರಮೈಯನ್ನು ಬದಲಾಯಿಸಿಕೊಳ್ಳುತ್ತಲೇ ಇರುವುದರಿಂದ ಮರಳಿ ಬರುತ್ತದೆ.

ಜಂತುಹುಳುಗಳ ವಿಷಯದಲ್ಲಿ ಸಮಸ್ಯೆ ಅವುಗಳ ಗಾತ್ರದ್ದು. ಯಾವ ಬಿಳಿ ರಕ್ತಕಣವೂ ಹುಳುವನ್ನು ನುಂಗಲಾರದು. ಹಾಗಾಗಿ ದೇಹವು ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸುತ್ತದೆ, ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಅಂಗಾಂಶದಲ್ಲಿ ಸಾಗುತ್ತಿರುವ ಮರಿಹುಳುವಿನ ಮೈಗೆ ಈ ಕಣಗಳು ಗುಂಪಾಗಿ ಅಂಟಿಕೊಂಡು ವಿಷಕಾರಿ ಪ್ರೋಟೀನುಗಳನ್ನು ಅದರ ಚರ್ಮದ ಮೇಲೆ ಸುರಿಯುತ್ತವೆ. ಕರುಳಿನಲ್ಲಾದರೆ ಲೋಳೆ ಹೆಚ್ಚಾಗಿ ಸ್ರವಿಸುತ್ತದೆ, ಸ್ನಾಯುಗಳ ಚಲನೆ ಚುರುಕಾಗುತ್ತದೆ. ಕೊಲ್ಲುವುದಕ್ಕಿಂತ ಹೊರದಬ್ಬುವುದೇ ಅಲ್ಲಿನ ಉದ್ದೇಶ. ಅದೂ ಸಾಧ್ಯವಾಗದಿದ್ದಾಗ, ತನ್ನದೇ ದಾಳಿಯಿಂದ ತನ್ನ ಅಂಗಾಂಶ ಹಾಳಾಗದಿರಲೆಂದು ವ್ಯವಸ್ಥೆಯು ನಿಯಂತ್ರಕ ಟಿ ಕೋಶಗಳ ಮೂಲಕ ಹೋರಾಟವನ್ನು ತಗ್ಗಿಸುತ್ತದೆ. ಹುಳುಗಳೂ ಈ ತಗ್ಗಿಸುವಿಕೆಗೆ ಕುಮ್ಮಕ್ಕು ಕೊಡುತ್ತವೆ. ಆನೆಕಾಲು ರೋಗದ ಹುಳು ದೇಹದೊಳಗೆ ವರ್ಷಗಟ್ಟಲೆ ಬದುಕಿರಲು ಇದೂ ಒಂದು ಮುಖ್ಯ ಕಾರಣ. ಇದನ್ನು ದೌರ್ಬಲ್ಯ ಎನ್ನುವುದಕ್ಕಿಂತ ಹೊಂದಾಣಿಕೆ ಎನ್ನುವುದು ಹೆಚ್ಚು ನ್ಯಾಯ.

ಇನ್ನು ಮಲೇರಿಯಾ. ಸೊಳ್ಳೆ ಕಚ್ಚಿದ ಕೆಲವೇ ಗಂಟೆಗಳಲ್ಲಿ ಪರೋಪಜೀವಿಯು ಪಿತ್ತಜನಕಾಂಗದ ಕೋಶಗಳನ್ನು ಸೇರಿ ದಿನಗಟ್ಟಲೆ ಅಲ್ಲಿ ಅಡಗಿರುತ್ತದೆ, ನಂತರ ಕೆಂಪು ರಕ್ತಕಣಗಳೊಳಗೆ ನುಗ್ಗುತ್ತದೆ. ಕೆಂಪು ರಕ್ತಕಣಕ್ಕೆ ಕೋಶಕೇಂದ್ರವಿಲ್ಲ. ಒಳಗಿನ ಸೋಂಕನ್ನು ಹೊರಮೈಯಲ್ಲಿ ಪ್ರದರ್ಶಿಸುವ ವ್ಯವಸ್ಥೆಯೂ ಅದಕ್ಕೆ ಇಲ್ಲದಿರುವುದರಿಂದ, ವೈರಸ್ ವಿರುದ್ಧ ಅಷ್ಟು ಪರಿಣಾಮಕಾರಿಯಾದ ಕೊಲೆಗಾರ ಟಿ ಕೋಶಗಳಿಗೆ ಅಲ್ಲಿ ಗುರಿಯೇ ಕಾಣುವುದಿಲ್ಲ. ಫಾಲ್ಸಿಪೇರಮ್ ಎಂಬ ಅಪಾಯಕಾರಿ ಪ್ರಭೇದವು, ರಕ್ತವನ್ನು ಸೋಸುವ ಗುಲ್ಮ ಎಂಬ ಅಂಗದಲ್ಲಿ ಸೋಸಿಹೋಗದಂತೆ, ತಾನಿರುವ ರಕ್ತಕಣವನ್ನು ರಕ್ತನಾಳದ ಗೋಡೆಗೆ ಅಂಟಿಸಲು ಅದರ ಹೊರಮೈಯಲ್ಲಿ ಒಂದು ಪ್ರೋಟೀನನ್ನು ಇಡುತ್ತದೆ. ಆ ಪ್ರೋಟೀನಿಗೆ ಪ್ರತಿಕಾಯ ಸಿದ್ಧವಾಗುವ ಹೊತ್ತಿಗೆ ಕೆಲವು ಪರೋಪಜೀವಿಗಳು ಮತ್ತೊಂದು ರೂಪಕ್ಕೆ ಬದಲಾಗಿರುತ್ತವೆ, ಏಕೆಂದರೆ ಅದಕ್ಕಾಗಿ ಸುಮಾರು 60 ಬೇರೆಬೇರೆ ವಂಶವಾಹಿಗಳು ಅವುಗಳ ಬಳಿ ಇವೆ.

ಆದರೂ ದೇಹ ಕಲಿಯುತ್ತದೆ. 1961ರಲ್ಲಿ ಪ್ರಕಟವಾದ ಗ್ಯಾಂಬಿಯಾದ ಪ್ರಯೋಗದಲ್ಲಿ, ವರ್ಷಗಳ ಕಾಲ ಮಲೇರಿಯಾ ಎದುರಿಸಿದ್ದ ವಯಸ್ಕರ ಪ್ರತಿಕಾಯಗಳನ್ನು ರೋಗಗ್ರಸ್ತ ಮಕ್ಕಳಿಗೆ ಕೊಟ್ಟಾಗ ಅವರ ರಕ್ತದಲ್ಲಿದ್ದ ಪರೋಪಜೀವಿಗಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಈ ರಕ್ಷಣೆ ನಿಧಾನವಾಗಿ, ಪದೇ ಪದೇ ಸೋಂಕು ತಗುಲಿದ ನಂತರ ಬರುವಂಥದ್ದು. ಸೋಂಕನ್ನು ಪೂರ್ಣವಾಗಿ ತಡೆಯದಿದ್ದರೂ ತೀವ್ರ ಕಾಯಿಲೆಯಿಂದ ಕಾಪಾಡುತ್ತದೆ. ಅದು ಬರುವುದರೊಳಗೆ ಚಿಕ್ಕ ಮಕ್ಕಳು ಸಾಯುತ್ತಾರೆ ಎಂಬುದೇ ಇದರಲ್ಲಿನ ಅತ್ಯಂತ ನೋವಿನ ಸಂಗತಿ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮಕ್ಕಳಿಗೆ ಶಿಫಾರಸು ಮಾಡಿದ ಮಲೇರಿಯಾ ಲಸಿಕೆಯು, ವೇಷ ಬದಲಾಯಿಸುವ ರಕ್ತದ ಹಂತವನ್ನು ಬಿಟ್ಟು, ಸೊಳ್ಳೆಯಿಂದ ಪಿತ್ತಜನಕಾಂಗಕ್ಕೆ ಸಾಗುವ ಅಲ್ಪಾವಧಿಯಲ್ಲಿ ಪರೋಪಜೀವಿಯ ಹೊರಮೈಯಲ್ಲಿರುವ ಪ್ರೋಟೀನನ್ನು ಗುರಿಯಾಗಿಸಿಕೊಂಡಿದೆ. ಅದರಿಂದ ಹುಟ್ಟುವ ಪ್ರತಿಕಾಯಗಳ ಮಟ್ಟ ಕಾಲಕ್ರಮೇಣ ಇಳಿಯುವುದರಿಂದ ಮೊದಲ ಮೂರು ಡೋಸ್‌ಗಳ ಬಳಿಕ ನಾಲ್ಕನೆಯದನ್ನೂ ಕೊಡಬೇಕಾಗುತ್ತದೆ.