ಚೀನಾದ ಸಾಂಪ್ರದಾಯಿಕ ಮದ್ದೊಂದು ಆಧುನಿಕ ಪರೀಕ್ಷೆಯಲ್ಲಿ ನಿಂತ ಉದಾಹರಣೆ ಇದೆಯೇ?

ಇದೆ, ನನ್ನ ದೃಷ್ಟಿಯಲ್ಲಿ ಅತ್ಯಂತ ಬಲವಾದ ಉದಾಹರಣೆ ಬಿಳಿ ಪಾಷಾಣ, ಅಂದರೆ ಆರ್ಸೆನಿಕ್ ಟ್ರೈಆಕ್ಸೈಡ್. 1970ರ ದಶಕದಲ್ಲಿ ಈಶಾನ್ಯ ಚೀನಾದ ಹಾರ್ಬಿನ್‌ನಲ್ಲಿ ವೈದ್ಯ ಜಾಂಗ್ ಟಿಂಗ್‌ಡಾಂಗ್ ಮತ್ತು ಸಂಗಡಿಗರು ಆರ್ಸೆನಿಕ್, ಪಾದರಸದ ಲವಣ ಹಾಗೂ ನೆಲಗಪ್ಪೆಯ ವಿಷ ಸೇರಿದ್ದ ಹಳ್ಳಿಮದ್ದೊಂದರ ಘಟಕಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದಾಗ, ಗುಣ ಕೊಟ್ಟದ್ದು ಆರ್ಸೆನಿಕ್ ಎಂದೂ, ಅದು ವಿಶೇಷವಾಗಿ ಫಲಿಸುವುದು ಅಕ್ಯೂಟ್ ಪ್ರೊಮೈಲೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನಲ್ಲಿ ಎಂದೂ ತಿಳಿಯಿತು. ಈ ಕಾಯಿಲೆಯನ್ನು ಉಂಟುಮಾಡುವ ವಿಕೃತ ಪ್ರೋಟೀನಿಗೇ ಆರ್ಸೆನಿಕ್ ಅಂಟಿಕೊಂಡು ಅದನ್ನು ನಾಶಪಡಿಸುತ್ತದೆ ಎಂಬುದು ನಂತರದ ಸಂಶೋಧನೆಯಿಂದ ಸ್ಪಷ್ಟವಾಯಿತು. ಪರಂಪರೆಯ ಅನುಭವಕ್ಕೆ ಇಷ್ಟು ನಿಖರವಾದ ರಾಸಾಯನಿಕ ವಿವರಣೆ ಸಿಗುವುದು ನಿಜಕ್ಕೂ ಅಪರೂಪ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2000ದಲ್ಲಿ ಇದಕ್ಕೆ ಅನುಮತಿ ನೀಡಿತು. ಹೃದಯದ ಲಯವನ್ನು ಕೆಡಿಸಬಲ್ಲ ಈ ವಿಷವನ್ನು ಇಸಿಜಿ ಮತ್ತು ರಕ್ತಪರೀಕ್ಷೆಯ ನಿಗಾದಲ್ಲಿ, ಶುದ್ಧೀಕರಿಸಿದ ನಿಗದಿತ ಪ್ರಮಾಣದಲ್ಲಿ ಮಾತ್ರ ಕೊಡುತ್ತಾರೆ.