ಪುಟದ ಅಂಚಿನಲ್ಲಿ ಬರೆದವರು

ಪತ್ರ: “1649ರಲ್ಲಿ ಇಂಗ್ಲೆಂಡಿನ ದೊರೆಯ ತಲೆ ತೆಗೆಸಿದ್ದು ತೆರಿಗೆಯ ಜಗಳ. ನಿಮ್ಮ ಲೇಖನ ಅದಕ್ಕೆ ಬೈಬಲ್ಲನ್ನು ತಂದು ಗಂಟು ಹಾಕಿದೆ. ಹೊಟ್ಟೆಗಿಲ್ಲದವನು ದಂಗೆ ಏಳುತ್ತಾನೆ. ಧರ್ಮ ಆಮೇಲೆ ಹೊದೆಸುವ ಶಾಲು.”
— ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು, ಸಾಗರ

ಸಂಪಾದಕರ ಉತ್ತರ:

ಮೇಷ್ಟ್ರೇ, ಪತ್ರದ ಜೊತೆಗೆ ನಮ್ಮ ಕಳೆದ ಸಂಚಿಕೆಯ ಎರಡು ಪುಟಗಳನ್ನೇ ಕತ್ತರಿಸಿ ಕಳುಹಿಸಿದ್ದೀರಿ. ಅಂಚಿನುದ್ದಕ್ಕೂ ಕೆಂಪು ಶಾಯಿಯಲ್ಲಿ ಹನ್ನೊಂದು ಟಿಪ್ಪಣಿಗಳಿವೆ. ನಾಲ್ಕನೆಯದರಲ್ಲಿ “ಆಧಾರ?” ಎಂದು ಕೇಳಿ ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಆ ಪುಟಗಳನ್ನು ನೋಡಿ ನನಗಾದ ಸಂತೋಷವನ್ನು ಮೊದಲು ಹೇಳಿಬಿಡುತ್ತೇನೆ, ಜಗಳ ಆಮೇಲೆ.

ತೆರಿಗೆಯ ಮಾತು ಸುಳ್ಳಲ್ಲ. ಆ ದೊರೆ, ಒಂದನೆಯ ಚಾರ್ಲ್ಸ್, 1629ರಿಂದ 1640ರವರೆಗೆ ಪಾರ್ಲಿಮೆಂಟನ್ನೇ ಕರೆಯದೆ ಆಳಿದ; ಕರಾವಳಿಯ ಊರುಗಳು ಕೊಡುತ್ತಿದ್ದ ಹಡಗು ತೆರಿಗೆಯನ್ನು ಒಳನಾಡಿನ ಮೇಲೂ ಹೇರಿದ. ಒಪ್ಪಿದೆ. ಆದರೆ ಅಷ್ಟು ವರ್ಷ ಮುಚ್ಚಿದ್ದ ಪಾರ್ಲಿಮೆಂಟಿನ ಬಾಗಿಲನ್ನು ಅವನು ತೆರೆದದ್ದೇಕೆ? ತಾನೇ ದೊರೆಯಾಗಿದ್ದ ಸ್ಕಾಟ್ಲೆಂಡಿನ ಮೇಲಿನ ಯುದ್ಧಕ್ಕೆ ಹಣ ಬೇಕಾಗಿತ್ತು. ಆ ಯುದ್ಧವಾದರೂ ಏಕೆ? 1637ರ ಜುಲೈ 23ರಂದು ಅಲ್ಲಿಯ ರಾಜಧಾನಿ ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ದೊರೆ ಕಳುಹಿಸಿದ ಹೊಸ ಪ್ರಾರ್ಥನಾ ಪುಸ್ತಕವನ್ನು ಓದಲು ಹೊರಟಾಗ, ಹೆಂಗಸರು ತಾವು ಕುಳಿತಿದ್ದ ಸ್ಟೂಲುಗಳನ್ನು ಎತ್ತಿ ಎಸೆದರು. ಮೊದಲು ಎಸೆದವಳು ಜೆನ್ನಿ ಗೆಡ್ಡಿಸ್ ಎಂಬ ಸಂತೆಯ ಹೆಂಗಸು ಎಂದು ಅಲ್ಲಿಯ ಜನ ಇಂದಿಗೂ ಹೇಳುತ್ತಾರೆ. ಅವಳ ಸಿಟ್ಟು ತೆರಿಗೆಯ ಮೇಲಲ್ಲ, ತಾನು ದೇವರೊಡನೆ ಆಡುವ ಮಾತನ್ನು ಅರಮನೆ ಬರೆದುಕೊಡುತ್ತದಲ್ಲ, ಅದರ ಮೇಲೆ.

ಆ ಧೈರ್ಯ ಒಂದೇ ದಿನದಲ್ಲಿ ಬಂದದ್ದಲ್ಲ. 1560ರಲ್ಲಿ, ಕ್ಯಾಥೊಲಿಕ್ ರಾಣಿ ಮೇರಿಯ ಕಾಲದಲ್ಲಿ ದೇಶ ಬಿಟ್ಟು ಓಡಿದ್ದ ಇಂಗ್ಲಿಷ್ ಪ್ರಾಟೆಸ್ಟಂಟರು ಜಿನೀವಾದಲ್ಲಿ ಒಂದು ಬೈಬಲ್ ಅಚ್ಚು ಹಾಕಿದರು. ಚರ್ಚಿನ ಪೀಠದ ಮೇಲಿಡುವ ಭಾರಿ ಗ್ರಂಥವಲ್ಲ, ಮನೆಯಲ್ಲಿಟ್ಟುಕೊಂಡು ಓದುವ ಪುಸ್ತಕ. ಸಲೀಸಾಗಿ ಓದುವ ಅಕ್ಷರ, ವಚನಗಳಿಗೆ ಸಂಖ್ಯೆ, ಅಂಚಿನ ತುಂಬ ಟಿಪ್ಪಣಿ. ಬೈಬಲ್ಲಿನ ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ, ಹುಟ್ಟಿದ ಗಂಡುಕೂಸುಗಳನ್ನು ಕೊಲ್ಲಬೇಕೆಂಬ ಈಜಿಪ್ಟಿನ ದೊರೆ ಫರೋಹನ ಅಪ್ಪಣೆಯನ್ನು ಇಬ್ರಿಯ (ಯಹೂದಿ) ಸೂಲಗಿತ್ತಿಯರು ಮೀರುತ್ತಾರೆ, ಕೇಳಿದರೆ ಸುಳ್ಳು ಹೇಳಿ ಜಾರಿಕೊಳ್ಳುತ್ತಾರೆ. ಅವರು ಸುಳ್ಳು ಹೇಳಿದ್ದು ತಪ್ಪು, ಆದರೆ ದೊರೆಯ ಮಾತು ಕೇಳದೇ ಇದ್ದದ್ದು ನ್ಯಾಯ ಎಂದಿತು ಆ ಅಂಚಿನ ಟಿಪ್ಪಣಿ. ಇಷ್ಟು ಪುಟ್ಟ ಸಾಲು. ಚಾರ್ಲ್ಸನ ತಂದೆ ಜೇಮ್ಸ್ 1604ರಲ್ಲಿ ಹ್ಯಾಂಪ್ಟನ್ ಕೋರ್ಟಿನ ಸಭೆಯಲ್ಲಿ ಇದನ್ನೇ ಎತ್ತಿ ಆಡಿ, ಇವು ರಾಜದ್ರೋಹದ ಟಿಪ್ಪಣಿಗಳು ಎಂದ. 1611ರಲ್ಲಿ ಅವನ ಅಪ್ಪಣೆಯಂತೆ ಬಂದ ಬೈಬಲ್ಲಿನ ಅಂಚಿನಲ್ಲಿ ಅಂಥ ವ್ಯಾಖ್ಯಾನಕ್ಕೆ ಜಾಗವೇ ಇರಲಿಲ್ಲ. “ಬಿಷಪ್ ಇಲ್ಲ ಎಂದರೆ ದೊರೆಯೂ ಇಲ್ಲ” ಎಂದು ಆತ ಗುಡುಗಿದ್ದೂ ಅದೇ ಸಭೆಯಲ್ಲಿ. ಪಾರ್ಲಿಮೆಂಟು 1646ರಲ್ಲಿ ಬಿಷಪ್ಪರ ಪದವಿಯನ್ನು ರದ್ದು ಮಾಡಿತು. 1649ರ ಜನವರಿ 30ರಂದು ಮಗನ ತಲೆ ಉರುಳಿತು. ಮೇಷ್ಟ್ರೇ, ಧರ್ಮ ಬರಿಯ ಶಾಲಲ್ಲ ಎಂಬುದು ಜೇಮ್ಸನಿಗೆ ಗೊತ್ತಿತ್ತು.

ನಡುವೆ 1647ರ ಅಕ್ಟೋಬರಿನಲ್ಲಿ ಥೇಮ್ಸ್ ದಡದ ಪಟ್ನಿಯ ಚರ್ಚಿನಲ್ಲಿ, ದೊರೆಯ ವಿರುದ್ಧ ಕಾದಾಡಿ ಗೆದ್ದ ಪಾರ್ಲಿಮೆಂಟಿನ ಸೈನಿಕರು ಕ್ರಾಮ್‌ವೆಲ್ ಮೊದಲಾದ ತಮ್ಮ ಸೇನಾಧಿಕಾರಿಗಳ ಎದುರಿಗೇ ಕುಳಿತು ಯಾರಿಗೆ ಮತ ಇರಬೇಕೆಂದು ವಾದಿಸಿದರು. ಇಂಗ್ಲೆಂಡಿನ ಕಡು ಬಡವನಿಗೂ ದೊಡ್ಡವನ ಹಾಗೆಯೇ ಬಾಳುವುದಕ್ಕೊಂದು ಬಾಳಿದೆ ಎಂದ ಕರ್ನಲ್ ರೇನ್ಸ್‌ಬರೋ. ದೇವರ ಮಾತನ್ನೇ ತಾನಾಗಿ ಓದಿ ಅರ್ಥ ಮಾಡಿಕೊಳ್ಳಬಲ್ಲವನಿಗೆ ದೊರೆಯ ಕಾನೂನು ಅರ್ಥವಾಗದೆ ಇರುತ್ತದೆಯೇ? ನಾನು ಕಂಡಂತೆ ಆ ಸಭೆಯ ಬೇರು ಇರುವುದು ಇಲ್ಲಿ.

ನನ್ನ ಅಜ್ಜನ ಬಳಿ ರಟ್ಟು ಕಿತ್ತುಹೋದ ಭಾರತದ ಪ್ರತಿಯೊಂದಿತ್ತು. ದ್ಯೂತದ ಪ್ರಸಂಗದ ಪಕ್ಕದಲ್ಲಿ ಅವರು ಪೆನ್ಸಿಲಿನಲ್ಲಿ “ಧರ್ಮರಾಯ, ಇದು ಧರ್ಮವೇ?” ಎಂದು ಬರೆದಿದ್ದರು. ದಿನವೂ ಕೈಮುಗಿದೇ ಆ ಪುಸ್ತಕ ತೆರೆಯುತ್ತಿದ್ದವರು ಅವರು. ನಾನು ಓದಿದ ಶಾಲೆಯಲ್ಲಿ ಅಂಚಿನಲ್ಲಿ ಬರೆದರೆ ಬೆರಳ ಗಂಟಿಗೆ ಪೆಟ್ಟು ಬೀಳುತ್ತಿತ್ತು. ಈಗ ಆ ಪೆಟ್ಟೂ ಬೇಕಾಗಿಲ್ಲ. ಪಾಠ ಓದುವ ಮೊದಲೇ ಗೈಡು ಬಂದು ಕೈಯಲ್ಲಿ ಕೂರುತ್ತದೆ. ಪ್ರಶ್ನೆಯೂ ಅದರದ್ದೇ, ಉತ್ತರವೂ ಅದರದ್ದೇ. ನಮ್ಮ ಕಚೇರಿಗೆ ಬರುವ ಪತ್ರಗಳಲ್ಲಿ ಹತ್ತಕ್ಕೆ ಒಂಬತ್ತು “ಲೇಖನ ಮೆಚ್ಚುಗೆಯಾಯಿತು” ಎಂಬಲ್ಲಿಗೆ ಮುಗಿಯುತ್ತವೆ. ಮೆಚ್ಚಿದವರಿಗೆ ನಮಸ್ಕಾರ. ಆದರೆ ಸಾಲು ಸಾಲಿಗೆ ತಕರಾರು ತೆಗೆಯುವ ಓದುಗನಿಲ್ಲದೆ ಪತ್ರಿಕೆ ಸೊರಗುತ್ತದೆ, ನಾನು ಸೊರಗುತ್ತೇನೆ.

ನಿಮ್ಮ ಎರಡು ಪುಟಗಳನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಒಂಬತ್ತನೆಯ ಟಿಪ್ಪಣಿಯ ಮೇಲೆ ಮಳೆನೀರು ಬಿದ್ದು ಶಾಯಿ ಹರಡಿದೆ. “ಕ್ರಾಮ್‌ವೆಲ್” ಎಂಬುದೊಂದು ಬಿಟ್ಟು ಏನೂ ಓದಲಾಗುತ್ತಿಲ್ಲ. ದಯವಿಟ್ಟು ಅದನ್ನು ಮತ್ತೊಮ್ಮೆ ಬರೆದು ಕಳುಹಿಸಿ.