ಓದಲು ಬಾರದ ಭಾಷೆಯ ಕಾಗದಕ್ಕೆ ಹಾಕಿದ ಸಹಿ

ನಿಮ್ಮ ಪ್ರಶ್ನೆ ಇದು: ತಾಯಿ ಕಾಸರಗೋಡಿನ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ಮಲಯಾಳದಲ್ಲಿದ್ದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ವಾರ ಕಳೆಯುವುದರೊಳಗೆ ಸಕ್ಕರೆ ಕಾಯಿಲೆಯ ಔಷಧಿ ಮಾರುವವರು ಹೆಸರು ಹಿಡಿದು ಕರೆಯತೊಡಗಿದರು. ಕೇಂದ್ರದವರು "ನೀವೇ ಸಹಿ ಹಾಕಿದ್ದೀರಲ್ಲ" ಎನ್ನುತ್ತಾರೆ. ಇನ್ನು ಏನೂ ಮಾಡುವಂತಿಲ್ಲವೇ?

ಮಾಡುವಂತಿದೆ. ಸಹಿ ಬಿದ್ದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿತು ಎನ್ನುವುದು ಕೌಂಟರಿನಲ್ಲಿ ಕುಳಿತವರ ಮಾತು, ಕಾನೂನಿನ ಮಾತಲ್ಲ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವನು, ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು. ಮಲಯಾಳ ಓದಲು ಬರುತ್ತದೆಂದು ಸುತ್ತಲಿನವರು ಬ್ಯಾಂಕಿನ ಪತ್ರ, ಪಂಚಾಯತಿನ ನೋಟಿಸು, ಆಸ್ಪತ್ರೆಯ ಕಾಗದ ಎಲ್ಲವನ್ನೂ ನನ್ನ ಜಗಲಿಗೆ ತರುತ್ತಾರೆ. ಕೆಲವು ವರ್ಷಗಳ ಹಿಂದೆ ನೆರೆಮನೆಯ ಹಿರಿಯರೊಬ್ಬರು ಕಣ್ಣಿನ ತಪಾಸಣೆಗೆ ಹೋಗಿ ಬಂದು, ಅಲ್ಲಿ ಕೊಟ್ಟ ನಕಲನ್ನು ತಂದು ಕೊಟ್ಟರು. ಕೆಳಗೆ ಸಣ್ಣ ಅಕ್ಷರದಲ್ಲಿ, ವಿವರಗಳನ್ನು ಸಹಸಂಸ್ಥೆಗಳಿಗೆ ಕೊಡಲು ತನ್ನ ಒಪ್ಪಿಗೆ ಇದೆ ಎಂದು ಬರೆದಿತ್ತು. ಓದಿ ಹೇಳಿದಾಗ ಅವರ ಮುಖ ಸಣ್ಣದಾಯಿತು. "ಕಣ್ಣು ನೋಡಲಿಕ್ಕೆ ಅಂತ ಹೇಳಿದ್ದರಲ್ಲ, ಮಾಷ್ಟ್ರೇ?" ಎಂದರು. ಆ ಸಹಿ ಅವರದೇ. ಅಕ್ಷರ ಸ್ಪಷ್ಟ, ಕನ್ನಡದ್ದು. ಆದರೆ ಮೇಲಿನ ಒಂದು ಸಾಲಾದರೂ ಅವರ ಅರಿವಿಗೆ ಬಂದಿರಲಿಲ್ಲ. ಇದನ್ನು ಒಪ್ಪಿಗೆ ಎಂದು ಕರೆಯಲು ನನ್ನ ಮನಸ್ಸು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಈಗ ಕಾನೂನಿಗೆ ಬರೋಣ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆ ಬುನಾದಿಯ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಬಿದ್ದವು. ಆದರೆ ಒಪ್ಪಿಗೆಯ ಕುರಿತಾದ ಮುಖ್ಯ ಕಲಂಗಳು ಜಾರಿಗೆ ಬರಲು 18 ತಿಂಗಳ ಗಡುವು ಇಟ್ಟಿದ್ದಾರೆ, ಅಂದರೆ 2027ರ ಮೇ. ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವ ಆಯುಧ ಹಳೆಯದು: ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಮತ್ತು ಅದರಡಿಯ 2011ರ ನಿಯಮಗಳು. ಹಳೆಯದೆಂದು ತಾತ್ಸಾರ ಮಾಡಬೇಡಿ. ಆರೋಗ್ಯದ ದಾಖಲೆ ಅಲ್ಲಿ ಸೂಕ್ಷ್ಮ ಮಾಹಿತಿಯ ಪಟ್ಟಿಯಲ್ಲೇ ಇದೆ. ಏನನ್ನು ಸಂಗ್ರಹಿಸುತ್ತಾರೆ, ಯಾವ ಉದ್ದೇಶಕ್ಕೆ, ಯಾರ ಕೈಗೆ ಹೋಗುತ್ತದೆ ಎಂಬುದು ಮಾಹಿತಿ ಕೊಡುವವರಿಗೆ ತಿಳಿದಿರುವಂತೆ ಸಂಸ್ಥೆ ನೋಡಿಕೊಳ್ಳಬೇಕು ಎಂದು ನಿಯಮ ಹೇಳುತ್ತದೆ. ಓದಲು ಬಾರದ ಭಾಷೆಯಲ್ಲಿ ಮುದ್ರಿಸಿ, ಓದಿ ಹೇಳದೆ, ಬೆರಳಿಟ್ಟು "ಇಲ್ಲಿ ಸಹಿ" ಎಂದರೆ ತಿಳಿಸಿದಂತಾಯಿತೇ? ನಿಮ್ಮ ವಾದ ನಿಲ್ಲಬೇಕಾದ ಜಾಗ ಇದೇ. ಅದೊಂದು ಸಣ್ಣ ಪ್ರಯೋಗಾಲಯ, ದೊಡ್ಡ ಕಂಪನಿಯಲ್ಲ ಎಂಬ ಸಬೂಬು ನಡೆಯುವುದಿಲ್ಲ. ಒಬ್ಬನೇ ಮಾಲೀಕ ನಡೆಸುವ ವ್ಯವಹಾರಕ್ಕೂ 43ಎ ಅನ್ವಯಿಸುತ್ತದೆ.

ಹೊಸ ಕಾಯ್ದೆ ನಮ್ಮಂಥ ಗಡಿನಾಡಿನವರಿಗೆ ಇನ್ನೂ ಹೆಚ್ಚು ಬೆಲೆಯದ್ದು. ಮಾಹಿತಿ ಕೇಳುವ ಮೊದಲು ಕೊಡುವ ಸೂಚನೆಯನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳ ಪೈಕಿ ಯಾವುದರಲ್ಲಾದರೂ ಓದುವ ಆಯ್ಕೆ ಜನರಿಗಿರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ಕೇರಳದಲ್ಲಿದ್ದೀರಿ, ಆದ್ದರಿಂದ ಮಲಯಾಳ ಸಾಕು ಎಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಕನ್ನಡದ ಒಂದು ಫಲಕಕ್ಕೆ, ಒಂದು ನಮೂನೆಗೆ ಕಚೇರಿಯಿಂದ ಕಚೇರಿಗೆ ಅಲೆದವರು. ಖಾಸಗಿಯವರ ಮುಂದೆಯೂ ಹಕ್ಕಾಗಿ ಹೇಳಬಲ್ಲ ಮಾತೊಂದು ಕಾಯ್ದೆಯಲ್ಲಿ ಸಿಕ್ಕಿದ್ದು ನನಗೆ ನಿಜವಾಗಿ ಸಂತೋಷದ ಸಂಗತಿ. ತುಳು ಮಾತ್ರ ಪಟ್ಟಿಯ ಹೊರಗೇ ಉಳಿದಿದೆ, ಆ ನೋವು ಬೇರೆ.

ಕಾಯ್ದೆಯೊಳಗೇ ಒಂದು ಉದಾಹರಣೆ ಕೊಟ್ಟಿದ್ದಾರೆ, ನಿಮ್ಮ ಪ್ರಕರಣಕ್ಕೆ ಹೊಂದುತ್ತದೆ. ಮೊಬೈಲಿನಲ್ಲಿ ವೈದ್ಯರ ಸಲಹೆ ಕೊಡುವ ಆ್ಯಪ್ ಒಂದು, ಚಿಕಿತ್ಸೆಗೆ ಬೇಕಾದ ವಿವರದ ಜೊತೆಗೆ ಫೋನಿನಲ್ಲಿರುವ ಎಲ್ಲರ ಸಂಖ್ಯೆಗಳನ್ನೂ ಕೇಳುತ್ತದೆ. ರೋಗಿ ಎರಡಕ್ಕೂ ಹೂಂ ಎನ್ನುತ್ತಾಳೆ. ಆದರೂ ಆ ಒಪ್ಪಿಗೆ ಚಿಕಿತ್ಸೆಯ ಮಟ್ಟಿಗೆ ಮಾತ್ರ ಸಲ್ಲುತ್ತದೆ, ಏಕೆಂದರೆ ಸಲಹೆ ಕೊಡಲು ಆ ಸಂಖ್ಯೆಗಳ ಅಗತ್ಯವಿಲ್ಲ. ರಕ್ತದ ಸಕ್ಕರೆ ಅಳೆಯುವ ಕೆಲಸಕ್ಕೆ ನಿಮ್ಮ ತಾಯಿಯ ಸಂಖ್ಯೆಯನ್ನು ಔಷಧಿ ಮಾರುವವನಿಗೆ ಕೊಡುವ ಅಗತ್ಯವೇನು? ಸರಿಯಾದ ಸೂಚನೆ ಕೊಟ್ಟು ಒಪ್ಪಿಗೆ ಪಡೆದೆವೆಂದು ಸಾಬೀತು ಮಾಡುವ ಹೊಣೆಯನ್ನೂ ಕಾಯ್ದೆ ಸಂಸ್ಥೆಯ ಮೇಲೆಯೇ ಹೊರಿಸಿದೆ.

ಒಂದು ವಿಷಯದಲ್ಲಿ ಮಾತ್ರ ಹೊಸ ಕಾಯ್ದೆ ನನ್ನನ್ನು ನಿರಾಸೆಗೊಳಿಸಿದೆ. ದಂಡ 250 ಕೋಟಿ ರೂಪಾಯಿಯವರೆಗೂ ಏರಬಹುದು, ಆದರೆ ಅದು ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ. ನೊಂದವರಿಗೆ ಪರಿಹಾರ ಕೊಡಿಸುತ್ತಿದ್ದ 43ಎ, ಹೊಸ ಕಲಂಗಳು ಜಾರಿಯಾಗುವ ಹೊತ್ತಿಗೇ ರದ್ದಾಗುತ್ತದೆ. ಆದ್ದರಿಂದ ನಷ್ಟ ಕೇಳುವ ವಿಚಾರವಿದ್ದರೆ ತಡಮಾಡಬೇಡಿ. ಆ ದೂರನ್ನು ಕೇಳುವವರು ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿ.

ಕೋವಿಡ್ ಕಾಲ ನಿಮಗೂ ನೆನಪಿರಬಹುದು. ಕರ್ನಾಟಕ–ಕೇರಳ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತ್ತು, ಸೋಂಕಿತರ ಹೆಸರು, ಮನೆಯ ಹೆಸರು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದ್ದವು. ಗುಣವಾಗಿ ಬಂದವರ ಮನೆಯಂಗಳಕ್ಕೆ ತಿಂಗಳುಗಟ್ಟಲೆ ಯಾರೂ ಕಾಲಿಡದಿದ್ದುದನ್ನು ನಾನು ಕಂಡಿದ್ದೇನೆ. 2020ರ ಏಪ್ರಿಲ್ 24ರಂದು ಕೇರಳ ಹೈಕೋರ್ಟ್, ರೋಗಿಗಳ ಮಾಹಿತಿಯನ್ನು ಹೊರಗಿನ ಕಂಪನಿಗೆ ಕೊಡುವ ಮುನ್ನ ಗುರುತು ಅಳಿಸಬೇಕು, ಮಾಹಿತಿ ಹೊರಗೆ ಹೋಗಬಹುದೆಂದು ತಿಳಿಸಿ ಜನರ ಒಪ್ಪಿಗೆ ಪಡೆಯಬೇಕು ಎಂದು ಸರ್ಕಾರಕ್ಕೆ ಮಧ್ಯಂತರ ಆದೇಶ ನೀಡಿತು. ಮಹಾಮಾರಿಯ ನಡುವೆಯೂ ನ್ಯಾಯಾಲಯ ಬಿಟ್ಟುಕೊಡದ ಮಾತನ್ನು ಒಂದು ರಕ್ತಪರೀಕ್ಷೆಗಾಗಿ ನೀವು ಬಿಟ್ಟುಕೊಡಬೇಕಾಗಿಲ್ಲ.

ನಾಳೆಯೇ ಮಾಡಬೇಕಾದದ್ದು ಇಷ್ಟು. ಕೇಂದ್ರದ ದೂರು ಅಧಿಕಾರಿಗೆ ತಾಯಿಯ ಹೆಸರಿನಲ್ಲಿ ಪತ್ರ ಬರೆಯಿರಿ: ಒಪ್ಪಿಗೆ ಪತ್ರದ ಅರ್ಥ ನನಗೆ ತಿಳಿಸಲಿಲ್ಲ, ಹೊರಗಿನವರಿಗೆ ವಿವರ ಕೊಡಲು ನನ್ನ ಒಪ್ಪಿಗೆ ಇಲ್ಲ, ಇದ್ದರೆ ಹಿಂತೆಗೆದುಕೊಂಡಿದ್ದೇನೆ, ಈವರೆಗೆ ಯಾರಿಗೆಲ್ಲ ಕೊಟ್ಟಿದ್ದೀರಿ ಎಂದು ತಿಳಿಸಿ, ಅವರಿಂದಲೂ ಅಳಿಸಿಸಿ. 2011ರ ನಿಯಮದ ಪ್ರಕಾರ ಅವರು ಒಂದು ತಿಂಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ಕರೆ ಬಂದ ಸಂಖ್ಯೆ, ದಿನಾಂಕ, ಹೊತ್ತು ಬರೆದಿಡಿ. 1909ಕ್ಕೆ ಕರೆ ಮಾಡಿ ಜಾಹೀರಾತು ಕರೆಗಳನ್ನು ತಡೆಹಿಡಿಸಿ. ಯಾರಾದರೂ ಒಟಿಪಿ ಕೇಳಿ ಹಣ ಎಳೆದುಕೊಂಡರೆ ಕಾಯದೆ 1930ಕ್ಕೆ ಕರೆ ಮಾಡಿ.

ಪತ್ರವನ್ನು ಕನ್ನಡದಲ್ಲೇ ಬರೆದು, ಮಲಯಾಳ ಅನುವಾದವನ್ನು ಜೊತೆಗಿಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಂದಣಿ ಮಾಡಿಸಿ ಕಳುಹಿಸಿ. ಸಹಿ ಹಾಕಿಸುವ ಮುನ್ನ ತಾಯಿಗೆ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ ಹೇಳಿ.